ಕೋಚ್‌ನ ತೆಗೆದ್ರೆ ಬಿಎಫ್‌ಸಿ ಗೆಲ್ಲುತ್ತಾ? ಬಿ.ಜಿ. ಕೆರೆಯ ಟೀ ಅಂಗಡಿಯಲ್ಲಿ ಮುಗಿಯದ ಒಂದು ಜಗಳ

2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 0-4ರಿಂದ ಸೋತಿತು. ಮಾರನೇ ದಿನ ಬಿ.ಜಿ. ಕೆರೆಯ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ನಾವು ನಾಲ್ಕು ಜನ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಕೊಂಡು ಕೂತಿದ್ವಿ. ಊರಲ್ಲಿ ಫುಟ್ಬಾಲ್ ನೋಡೋರು ಬಹುಶಃ ನಾವು ನಾಲ್ಕೇ ಜನ. ಮೈದಾನ ಇರೋದು ಕ್ರಿಕೆಟ್ಟಿಗೆ, ವಾಲಿಬಾಲಿಗೆ. ಫುಟ್ಬಾಲ್ ಅಂದ್ರೆ ನಮಗೆ ಮೊಬೈಲ್‌ನಲ್ಲಿ ಬರೋ ಆಟ. ನಮ್ಮಲ್ಲೊಬ್ಬ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುವಾಗ ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಬಂದವನು. ಅವನದೇ ಜೋರು.

'ಅಣ್ಣ, ಈ ಗ್ರೇಸನ್‌ನ ಮೊದ್ಲು ಮನೆಗೆ ಕಳಿಸ್ಬೇಕು. ಒಂಬತ್ತು ಮ್ಯಾಚು, ಒಂದು ಗೆಲುವು. ಇನ್ನೇನು ನೋಡ್ಬೇಕು?'

ನಾನೂ ತಲೆ ಆಡಿಸಿದೆ. ಅದೇ ದಿನ ಕ್ಲಬ್ ಸೈಮನ್ ಗ್ರೇಸನ್ ಅವರನ್ನು ಕೈಬಿಟ್ಟ ಸುದ್ದಿ ಬಂತು. ನಾವು ಇನ್ನೊಂದು ರೌಂಡ್ ಟೀ ಹೇಳಿದ್ವಿ, ನಾವೇ ಏನೋ ಸಾಧಿಸಿದಂಗೆ. ಆ ಋತು ಮುಗಿದಾಗ ಬಿಎಫ್‌ಸಿ 12 ತಂಡಗಳ ಪಟ್ಟಿಯಲ್ಲಿ 10ನೇ ಸ್ಥಾನದಲ್ಲಿತ್ತು. 22 ಪಂದ್ಯ, 22 ಅಂಕ. ಕ್ಲಬ್‌ನ ಇತಿಹಾಸದಲ್ಲೇ ಅದಕ್ಕಿಂತ ಕೆಟ್ಟ ಋತು ಇಲ್ಲ.

ಅವತ್ತು ನಾನು ಯಾಕೆ ತಲೆ ಆಡಿಸಿದೆ ಅನ್ನೋದನ್ನ ಆಮೇಲೆ ಸಾಕಷ್ಟು ಯೋಚಿಸಿದ್ದೇನೆ. ಯಾಕಂದ್ರೆ ಇದೇ ಗ್ರೇಸನ್ ವಿಷಯದಲ್ಲಿ ಹಿಂದಿನ ವರ್ಷ ಇದೇ ಜಗಳ ನಡೆದಿತ್ತು, ಮತ್ತು ಆಗ ನಾವು ಪೂರ್ತಿ ತಪ್ಪಾಗಿದ್ವಿ.

2022ರ ಜೂನ್‌ನಲ್ಲಿ ಬಂದ ಗ್ರೇಸನ್ ಸೆಪ್ಟೆಂಬರ್‌ನಲ್ಲೇ ಡುರಾಂಡ್ ಕಪ್ ಗೆದ್ದುಕೊಟ್ಟರು. ಆದರೆ ಐಎಸ್‌ಎಲ್ ಶುರುವಾದ ಮೇಲೆ ತಂಡ ಬಿದ್ದುಹೋಯಿತು. ಮೊದಲ 12 ಪಂದ್ಯಗಳಲ್ಲಿ ಸಿಕ್ಕಿದ್ದು 10 ಅಂಕ, ಎಂಟು ಸೋಲು. ಆಗಲೂ 'ತೆಗೀರಿ' ಅನ್ನೋ ಕೂಗು ಇತ್ತು. ಮಾಲೀಕರು ತೆಗೆಯಲಿಲ್ಲ. ಉಳಿದಿದ್ದ ಎಂಟು ಪಂದ್ಯಗಳಲ್ಲಿ ತಂಡ ಎಂಟನ್ನೂ ಗೆದ್ದಿತು! ನಾಲ್ಕನೇ ಸ್ಥಾನ, ಪ್ಲೇ ಆಫ್, ಆಮೇಲೆ ಫೈನಲ್. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಗಾನ್ ಎದುರು 2-2 ಆಗಿ, ಪೆನಾಲ್ಟಿಯಲ್ಲಿ 4-3ರಿಂದ ಸೋತಿದ್ದು. ಡಿಸೆಂಬರ್‌ನಲ್ಲಿ ನಮ್ಮ ಮಾತು ನಡೆದಿದ್ದರೆ ಆ ಫೈನಲ್ ಇರ್ತಿತ್ತೋ ಇಲ್ಲವೋ ಯಾರೂ ಹೇಳೋಕಾಗಲ್ಲ. ಆದರೆ ಹೊಸ ಕೋಚ್ ಬಂದು ಆ ಎಂಟು ಗೆದ್ದಿದ್ದರೆ ನಾವೆಲ್ಲ ಏನಂತಿದ್ವಿ? 'ನೋಡಿದ್ರಾ, ತೆಗೆದಿದ್ದಕ್ಕೇ ಗೆದ್ವಿ' ಅಂತಿದ್ವಿ. ಕೋಚ್ ಬದಲಾವಣೆಯ ಮೋಸ ಇರೋದೇ ಇಲ್ಲಿ.

ನಮ್ಮ ಕಡೆ ಇದನ್ನ ಅರ್ಥ ಮಾಡ್ಕೊಳೋದು ಕಷ್ಟ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಅಂದ್ರೆ ಮಳೆಗೆ ಕಾಯೋ ಸೀಮೆ. ಶೇಂಗಾ ಬಿತ್ತಿ ಆಕಾಶ ನೋಡೋದು ನಮ್ಮ ಹಣೆಬರಹ. ಮಳೆ ಕೈಕೊಟ್ಟ ವರ್ಷ ಊರುಗಳಲ್ಲಿ ಕಪ್ಪೆ ಮದುವೆ, ಕತ್ತೆ ಮದುವೆ ಮಾಡಿಸ್ತಾರೆ. ಮಾಡಿಸಿದ ಸ್ವಲ್ಪ ದಿನಕ್ಕೆ ಎಷ್ಟೋ ಸಲ ಮಳೆ ಬಂದೂ ಬಿಡುತ್ತೆ. ಕತ್ತೆ ಮದುವೆಯಿಂದಲೇ ಬಂತಾ? ಮದುವೆ ಮಾಡಿಸೋದು ಯಾವಾಗ ನೋಡಿ. ಮಳೆ ಚೆನ್ನಾಗಿದ್ದಾಗ ಯಾರೂ ಮಾಡಿಸಲ್ಲ. ಬರ ತುದಿ ಮುಟ್ಟಿದಾಗ ಮಾಡಿಸ್ತಾರೆ. ತುದಿ ಮುಟ್ಟಿದ ಮೇಲೆ ಏನಾದರೂ ಒಂದು ಬದಲಾವಣೆ ಆಗಲೇಬೇಕು, ಬಹುಪಾಲು ಒಳ್ಳೆಯದರ ಕಡೆಗೇ ಆಗುತ್ತೆ. ಹೆಸರು ಮಾತ್ರ ಕತ್ತೆಗೆ.

ಕೋಚ್‌ಗಳನ್ನ ತೆಗೆಯೋದೂ ಹಂಗೇ, ತಂಡ ತನ್ನ ನಿಜವಾದ ಶಕ್ತಿಗಿಂತ ಕೆಳಗೆ ಬಿದ್ದಿರುವಾಗ. ನಾಲ್ಕು ಪಂದ್ಯಗಳಲ್ಲಿ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗಿರುತ್ತೆ, ಇಬ್ಬರು ಮುಖ್ಯ ಆಟಗಾರರಿಗೆ ಪೆಟ್ಟಾಗಿರುತ್ತೆ, ಒಂದು ಪೆನಾಲ್ಟಿ ಕೊಡಬೇಕಾದಲ್ಲಿ ರೆಫರಿ ಕೊಟ್ಟಿರಲ್ಲ. ಇಂಥದ್ದು ಋತುವಿಡೀ ನಡೆಯಲ್ಲ. ಕೋಚ್ ಇದ್ದರೂ ತಂಡ ಮೇಲೇಳುತ್ತಿತ್ತು. ನೆದರ್‌ಲ್ಯಾಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಇದನ್ನೇ ಪರೀಕ್ಷಿಸಿ ನೋಡಿದವರು. ಅಲ್ಲಿನ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ತೆಗೆದುಕೊಂಡು, ಕೋಚ್‌ನ ತೆಗೆದ ತಂಡಗಳನ್ನು ಅಷ್ಟೇ ಕೆಟ್ಟದಾಗಿ ಆಡುತ್ತಿದ್ದರೂ ಕೋಚ್‌ನ ಉಳಿಸಿಕೊಂಡ ತಂಡಗಳ ಜೊತೆ ಇಟ್ಟು ಹೋಲಿಸಿದರು. ತೆಗೆದವರು ಸುಧಾರಿಸಿದ್ದು ಹೌದು. ತೆಗೆಯದವರೂ ಸುಧಾರಿಸಿದ್ದರು. ಕೋಚ್ ಬದಲಾಯಿಸಿದ್ದಕ್ಕೇ ಆದ ಲಾಭ ಅಂತ ತೋರಿಸೋಕೆ ಏನೂ ಸಿಗಲಿಲ್ಲ.

ಹಾಗಂತ ಇದು ಎಲ್ಲ ಕಡೆಗೂ ಅನ್ವಯಿಸೋ ಸೂತ್ರ ಅಂತ ನಾನು ಹೇಳ್ತಿಲ್ಲ. ಆಟಗಾರರೇ ಕೋಚ್ ಮಾತು ಕೇಳೋದು ಬಿಟ್ಟ ಮೇಲೆ ಅವರನ್ನ ಇಟ್ಟುಕೊಂಡು ಏನು ಮಾಡೋದು? ಅಂಥ ತಂಡಗಳಿವೆ. ಆದರೆ ಆ ಸ್ಥಿತಿ ಬಂದಿದೆಯಾ ಇಲ್ಲವಾ ಅನ್ನೋದು ಡ್ರೆಸ್ಸಿಂಗ್ ರೂಮಿನ ಒಳಗಿರೋರಿಗೆ ಗೊತ್ತಿರುತ್ತೆ, ಟೀ ಅಂಗಡಿಯಲ್ಲಿ ಕೂತ ನಮಗಲ್ಲ. ನಮಗೆ ಗೊತ್ತಿರೋದು ಅಂಕಪಟ್ಟಿ ಮಾತ್ರ.

ಬಿಎಫ್‌ಸಿಯದ್ದೇ ಇನ್ನೊಂದು ಉದಾಹರಣೆ ಇದೆ, ಇದು ಇನ್ನೂ ಖಾರ. ಕಾರ್ಲೆಸ್ ಕುವಾದ್ರಾತ್. ಆಲ್ಬರ್ಟ್ ರೋಕಾ ಕೈಕೆಳಗೆ ಸಹಾಯಕರಾಗಿದ್ದು 2018ರಲ್ಲಿ ಮುಖ್ಯ ಕೋಚ್ ಆದವರು. ಮೊದಲ ಋತುವಿನಲ್ಲೇ ಐಎಸ್‌ಎಲ್ ಕಪ್ ತಂದುಕೊಟ್ಟರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆ ಕೊಟ್ಟು ಹೊಡೆದ ಆ ಗೋಲು ನೆನಪಿರೋರಿಗೆ ನೆನಪಿರುತ್ತೆ. ಐಎಸ್‌ಎಲ್‌ನಲ್ಲಿ ಬಿಎಫ್‌ಸಿ ಎತ್ತಿದ ಮೊದಲ ಕಪ್ ಅದು. ಎರಡು ವರ್ಷವೂ ತುಂಬಿರಲಿಲ್ಲ, 2021ರ ಜನವರಿ 6ರಂದು, ಸತತ ಮೂರು ಸೋಲಿನ ನಂತರ, ಅವರನ್ನು ಬಿಟ್ಟುಕೊಟ್ಟರು. ಆಗ ಕೊರೊನಾ ಕಾಲ, ಎಲ್ಲ ಪಂದ್ಯಗಳೂ ಗೋವಾದಲ್ಲಿ ಬೀಗ ಹಾಕಿದ ಹೋಟೆಲು-ಖಾಲಿ ಮೈದಾನಗಳ ನಡುವೆ ನಡೀತಿದ್ದವು. ಅಭಿಮಾನಿ ಅನ್ನೋನು ಸ್ಟೇಡಿಯಂ ಒಳಗೇ ಇರಲಿಲ್ಲ. ಕುವಾದ್ರಾತ್ ಹೋದಾಗ 9 ಪಂದ್ಯಗಳಿಗೆ 12 ಅಂಕ ಇತ್ತು. ಅವರು ಹೋದ ಮೇಲೆ ಉಳಿದ 11 ಪಂದ್ಯಗಳಲ್ಲಿ ಬಂದಿದ್ದು 10 ಅಂಕ. ಕೊನೆಗೆ 7ನೇ ಸ್ಥಾನ.

ಅದೇ ಕುವಾದ್ರಾತ್ ಮುಂದೆ ಕೋಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು, ಆ ಕ್ಲಬ್‌ನ 12 ವರ್ಷದ ರಾಷ್ಟ್ರೀಯ ಟ್ರೋಫಿ ಬರ ನೀಗಿಸಿದರು. ಅಲ್ಲಿನ ಜನ ಹೊತ್ತು ಮೆರೆಸಿದರು. ಎಂಟು ತಿಂಗಳು ಕಳೆದು, ಹೊಸ ಋತುವಿನ ಮೊದಲ ಮೂರು ಐಎಸ್‌ಎಲ್ ಪಂದ್ಯ ಸೋತರು, 2024ರ ಸೆಪ್ಟೆಂಬರ್ 30ರಂದು ರಾಜೀನಾಮೆ ಕೊಟ್ಟು ಹೊರಟರು. ಬೆಂಗಳೂರಲ್ಲಿ ಮೂರು ಸೋಲು, ಕೋಲ್ಕತ್ತಾದಲ್ಲಿ ಮೂರು ಸೋಲು. ಭಾರತದಲ್ಲಿ ಫುಟ್ಬಾಲ್ ಕೋಚ್ ಒಬ್ಬನ ಆಯಸ್ಸು ಎಷ್ಟು ಅಂತ ಯಾರಾದರೂ ಕೇಳಿದರೆ ಇಷ್ಟೇ ಹೇಳಿದರೆ ಸಾಕು.

ಇಲ್ಲಿ ಒಂದು ಪದದ ವಿಷಯ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಫುಟ್ಬಾಲ್ ನೋಡಿ ಬೆಳೆದ ನಾವು ಕೋಚ್‌ನ 'ಮ್ಯಾನೇಜರ್' ಅಂತೀವಿ. ಹಳೇ ಕಾಲದ ಇಂಗ್ಲಿಷ್ ಮ್ಯಾನೇಜರ್ ಯಾರನ್ನ ಕೊಳ್ಳಬೇಕು, ಯಾರನ್ನ ಮಾರಬೇಕು ಅನ್ನೋದನ್ನೂ ತೀರ್ಮಾನ ಮಾಡ್ತಿದ್ದ. ಈಗ ಅಲ್ಲೂ ಅದು ಕಮ್ಮಿ. ನಮ್ಮಲ್ಲಂತೂ ಇರೋದು ಹೆಡ್ ಕೋಚ್. ಬಜೆಟ್ ಹಾಕೋದು ಮಾಲೀಕರು, ಒಪ್ಪಂದಕ್ಕೆ ಸಹಿ ಹಾಕೋದು ಆಡಳಿತದವರು. ಕೋಚ್‌ನ ಕೇಳ್ತಾರೆ, ಆದರೆ ಕೊನೇ ಮಾತು ಅವನದ್ದಲ್ಲ.

ಈ ಕಣ್ಣಲ್ಲಿ 2023ರ ಬೇಸಿಗೆ ನೋಡಿ. ಫೈನಲ್ ಆಡಿದ ತಂಡದಿಂದ ರಾಯ್ ಕೃಷ್ಣ ಒಡಿಶಾಗೆ ಹೋದರು. ಸಂದೇಶ್ ಝಿಂಗನ್, ಉದಾಂತ ಸಿಂಗ್ ಗೋವಾಗೆ ಹೋದರು. ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ. ಒಂದೇ ಬೇಸಿಗೆಯಲ್ಲಿ ತಂಡದ ಬೆನ್ನುಮೂಳೆಯ ಅರ್ಧ ಕಳಚಿ ಹೋಯಿತು. ಡಿಸೆಂಬರ್‌ನಲ್ಲಿ ಹೊರಗೆ ಹೋಗಿದ್ದು ಮಾತ್ರ ಗ್ರೇಸನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮುಂದಿನದ್ದು ಇನ್ನೂ ಸ್ವಾರಸ್ಯವಾಗಿದೆ. ಗ್ರೇಸನ್ ಜಾಗಕ್ಕೆ ಬಂದ ಜೆರಾರ್ಡ್ ಝರಗೋಝಾ ಕೈಯಲ್ಲೂ ತಂಡ ಎದ್ದೇಳಲಿಲ್ಲ. ಹೇಳಿದೆನಲ್ಲ, 10ನೇ ಸ್ಥಾನ. 2024ರ ಏಪ್ರಿಲ್‌ನಲ್ಲಿ ಕಂಠೀರವದಲ್ಲೇ ಮೋಹನ್ ಬಗಾನ್ 4-0 ಹೊಡೆದು ಹೋಯಿತು. ಟೀ ಅಂಗಡಿಯ ನ್ಯಾಯದ ಪ್ರಕಾರ ಇವರನ್ನೂ ತೆಗೀಬೇಕಿತ್ತು. ಈ ಸಲ ಕ್ಲಬ್ ತೆಗೆಯಲಿಲ್ಲ. ಅದರ ಬದಲು ಆಟಗಾರರಿಗೆ ಕೈಹಾಕಿತು. ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗುಎರಾ, ಹೋರ್ಹೆ ಪೆರೆರಾ ಡಿಯಾಜ್ ಬಂದರು. ಹಳಬ ರಾಹುಲ್ ಭೇಕೆ ವಾಪಸ್ ಬಂದರು. ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಬಂದರು. ಕೋಚ್‌ಗೆ ಋತುವಿಗೆ ಮುಂಚಿನ ಪೂರ್ತಿ ತಯಾರಿ ಸಿಕ್ಕಿತು, ಡಿಸೆಂಬರ್‌ನಲ್ಲಿ ಬಂದು ಬೇರೆಯವರು ಕಟ್ಟಿದ ಮನೆಗೆ ಸುಣ್ಣ ಬಳಿಯೋ ಕೆಲಸ ಅಲ್ಲ. ಫಲ 2024-25ರಲ್ಲಿ ಕಂಡಿತು. ನಡುವೆ ಜನವರಿಯಲ್ಲಿ ಎಡವಿದರು, ಆ ಋತುವಿನ ಕೊನೆಯ ಸ್ಥಾನದ ಮೊಹಮ್ಮಡನ್ ಸ್ಪೋರ್ಟಿಂಗ್ ಬಂದು ಕಂಠೀರವದಲ್ಲೇ 1-0 ಗೆದ್ದು ಹೋಯಿತು, ನಮ್ಮ ಹುಡುಗ ಮತ್ತೆ 'ತೆಗೀರಿ' ಅಂದ. ಆದರೂ ಮೂರನೇ ಸ್ಥಾನ. ಪ್ಲೇ ಆಫ್‌ನಲ್ಲಿ ಮುಂಬೈ ಸಿಟಿಗೆ 5-0. ಸೆಮಿಫೈನಲ್‌ನಲ್ಲಿ ಗೋವಾ ಎದುರು ಕೊನೇ ಗಳಿಗೆಯಲ್ಲಿ 40 ವರ್ಷದ ಸುನಿಲ್ ಛೆಟ್ರಿ ತಲೆಯಿಂದ ಹೊಡೆದ ಗೋಲು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2.

ಮೂರು ವರ್ಷದಲ್ಲಿ ಎರಡು ಫೈನಲ್. ಎರಡೂ ಸಲ ಕ್ಲಬ್ ಕೋಚ್‌ನ ಉಳಿಸಿಕೊಂಡ ವರ್ಷದಲ್ಲೇ ಬಂದಿದ್ದು. ನಡುವಿನ ವರ್ಷ, ಕೋಚ್‌ನ ತೆಗೆದಿದ್ದು, 10ನೇ ಸ್ಥಾನ. ಮೂರೇ ಮೂರು ಋತುವಿನಿಂದ ಸಿದ್ಧಾಂತ ಕಟ್ಟೋಕಾಗಲ್ಲ, ಒಪ್ಪಿದೆ. ಆದರೆ ಇದರ ಉಲ್ಟಾ ಆಗಿದ್ದರೆ ನಾವು ಸಿದ್ಧಾಂತ ಕಟ್ಟದೇ ಬಿಡ್ತಿರಲಿಲ್ಲ.

ಹಾಗಿದ್ದರೆ ಕ್ಲಬ್‌ಗಳು ಯಾಕೆ ತೆಗೀತಾವೆ? ಯುರೋಪಿನಲ್ಲಿ ಒಂದು ಗಟ್ಟಿ ಕಾರಣ ಇದೆ, ಪಟ್ಟಿಯ ಕೊನೆಯ ಸ್ಥಾನಗಳಲ್ಲಿ ಉಳಿದರೆ ಕೆಳಗಿನ ಲೀಗಿಗೆ ಬೀಳಬೇಕು. ಟಿವಿ ಹಣ ಹೋಗುತ್ತೆ, ಆಟಗಾರರು ಹೋಗ್ತಾರೆ, ಕ್ಲಬ್ಬೇ ದಿವಾಳಿ ಆಗಬಹುದು. ಆ ಭಯಕ್ಕೆ ಏನಾದರೂ ಮಾಡಲೇಬೇಕು ಅನಿಸುತ್ತೆ. ನಾನು ಹೇಳಿದ ಈ ಯಾವ ಋತುವಿನಲ್ಲೂ ಐಎಸ್‌ಎಲ್‌ನಿಂದ ಕೆಳಗೆ ಬೀಳೋ ಭಯವೇ ಇರಲಿಲ್ಲ. 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಕೆಳಗಿನಿಂದ ಮೇಲೆ ಬಂದವು, ಮೇಲಿನಿಂದ ಕೆಳಗೆ ಯಾರೂ ಹೋಗಲಿಲ್ಲ. 10ನೇ ಸ್ಥಾನಕ್ಕೂ 7ನೇ ಸ್ಥಾನಕ್ಕೂ ಮಾಲೀಕರಿಗೆ ದೊಡ್ಡ ವ್ಯತ್ಯಾಸ ಇಲ್ಲ. ಆದರೂ ಋತುವಿನ ಮಧ್ಯೆ ಕೋಚ್‌ನ ತೆಗೀತಾರೆ ಅಂದರೆ ಅದು ಅಂಕಪಟ್ಟಿಗಾಗಿ ಅಲ್ಲ, ನಮಗಾಗಿ. ಸ್ಟ್ಯಾಂಡಿನ ಸಿಟ್ಟಿಗೆ ಒಂದು ಮುಖ ಬೇಕು. ಆಟಗಾರರನ್ನ ಮಧ್ಯದಲ್ಲಿ ಬದಲಾಯಿಸೋಕೆ ವರ್ಗಾವಣೆಯ ಗಡುವು ಬಿಡಲ್ಲ, ಮಾಲೀಕರು ತಮ್ಮನ್ನ ತಾವು ತೆಗೆಯಲ್ಲ. ಉಳಿದಿರೋದು ಗೆರೆಯ ಪಕ್ಕ ನಿಂತು ಕೈ ಬೀಸೋ ಮನುಷ್ಯ.

ಈ ವ್ಯವಹಾರ ನಮಗೆ ಫುಟ್ಬಾಲ್‌ಗಿಂತ ಮುಂಚೆಯೇ ಗೊತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಸಂಭ್ರಮದ ಕಾಲ್ತುಳಿತದಲ್ಲಿ 11 ಜನ ಸತ್ತರು. ಮಾರನೇ ದಿನವೇ ಸರ್ಕಾರ ಬೆಂಗಳೂರು ಪೊಲೀಸ್ ಕಮಿಷನರ್‌ರನ್ನು ಅಮಾನತು ಮಾಡಿತು. ಜುಲೈ ಮುಗಿಯೋ ಹೊತ್ತಿಗೆ ಅಮಾನತು ವಾಪಸ್ ಆಯಿತು. ಅಷ್ಟರಲ್ಲಿ ಸಿಟ್ಟು ಆರಿತ್ತು. ಸಾವಿಗೂ ಸೋಲಿಗೂ ಹೋಲಿಕೆ ಇಲ್ಲ, ಅದು ನನಗೆ ಗೊತ್ತಿದೆ. ನಾನು ಹೇಳ್ತಿರೋದು ಆ ಮಾರನೇ ದಿನದ ಬಗ್ಗೆ.

ರಾಷ್ಟ್ರೀಯ ತಂಡದ ಕತೆ ನೋಡಿದರೆ ಇದರ ಬೆಲೆ ಎಷ್ಟು ಅಂತಲೂ ತಿಳಿಯುತ್ತೆ. 2023ರ ಜುಲೈನಲ್ಲಿ ಭಾರತ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನಕ್ಕೆ ಬಂದಿತ್ತು. ಆ ಅಕ್ಟೋಬರ್‌ನಲ್ಲಿ ಎಐಎಫ್ಎಫ್ ಇಗೊರ್ ಸ್ಟಿಮಾಚ್ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು. ಎಂಟು ತಿಂಗಳಿಗೆ, 2024ರ ಜೂನ್ 17ರಂದು, ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದ ಕಾರಣಕ್ಕೆ ಅವರನ್ನೇ ವಜಾ ಮಾಡಿತು. ಸ್ಟಿಮಾಚ್ ಜಗಳಕ್ಕೆ ನಿಂತರು. ಕೊನೆಗೆ 4 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡರು, ನಮ್ಮ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ ದಾಟುತ್ತೆ. ಆ ದುಡ್ಡಲ್ಲಿ ನಮ್ಮಂಥ ತಾಲ್ಲೂಕುಗಳಲ್ಲಿ ಎಷ್ಟು ಮೈದಾನ ಆಗ್ತಿತ್ತೋ ಲೆಕ್ಕ ಹಾಕಿ. ಅವರ ನಂತರ ಮನೋಲೊ ಮಾರ್ಕೆಝ್ ಬಂದರು, ಒಂದು ವರ್ಷಕ್ಕೆ ಹೋದರು. 2025ರ ಜುಲೈನಲ್ಲಿ ಭಾರತ 133ನೇ ಸ್ಥಾನದಲ್ಲಿತ್ತು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಇದೆಲ್ಲ ನಡೆಯುವಾಗ ಫೆಡರೇಶನ್‌ನ ಅಧ್ಯಕ್ಷರು ಒಬ್ಬರೇ, 2022ರ ಸೆಪ್ಟೆಂಬರ್‌ನಲ್ಲಿ ಬೈಚುಂಗ್ ಭುಟಿಯಾ ಅವರನ್ನು 33-1 ಮತಗಳಿಂದ ಸೋಲಿಸಿ ಬಂದ ಕಲ್ಯಾಣ್ ಚೌಬೆ.

ಅಭಿಮಾನಿಗೆ ನಿಜವಾಗಿ ಅಧಿಕಾರ ಇರೋ ಕಡೆ ಈ ಚರ್ಚೆ ಬೇರೆ ರೀತಿ ನಡೆಯುತ್ತೆ. ಜರ್ಮನಿಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್‌ನ ಮತದಾನದ ಹಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು ಅನ್ನೋ ನಿಯಮ ಇದೆ. ಸ್ಪೇನ್‌ನಲ್ಲಿ ಬಾರ್ಸಿಲೋನಾ ಕ್ಲಬ್ ಸದಸ್ಯರದ್ದೇ. 2020ರಲ್ಲಿ ತಂಡ ಬಾಯರ್ನ್ ಎದುರು 2-8ರಿಂದ ಸೋತಾಗ ಕೋಚ್‌ನ ತೆಗೆದರು, ಸದಸ್ಯರು ಅಲ್ಲಿಗೆ ಸುಮ್ಮನಾಗಲಿಲ್ಲ. 20 ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಮತದಾನಕ್ಕೆ ಮೊದಲೇ, ಅಕ್ಟೋಬರ್ 27ರಂದು, ಬಾರ್ತೊಮೆವ್ ರಾಜೀನಾಮೆ ಕೊಟ್ಟರು. ಗ್ರಾಮ ಪಂಚಾಯ್ತಿ ಅಧ್ಯಕ್ಷರ ಮೇಲೆ ಅವಿಶ್ವಾಸ ತರೋದನ್ನ ನೋಡಿದ ನಮಗೆ ಇದು ಹೊಸದೇನಲ್ಲ. ಆದರೆ ಬಿಎಫ್‌ಸಿ ಜೆಎಸ್‌ಡಬ್ಲ್ಯು ಕಂಪನಿಯದ್ದು. 2013ರಲ್ಲಿ ಹುಟ್ಟಿದ್ದೇ ಅವರಿಂದ. ಅವರು ದುಡ್ಡು ಹಾಕಿದ್ದಾರೆ, ಒಳ್ಳೇ ಕೆಲಸವನ್ನೂ ಮಾಡಿದ್ದಾರೆ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಅದು. ಆದರೆ ವೋಟು ಅವರದ್ದೇ. ನಮ್ಮದು ಕೂಗು. ಕೂಗಿಗೆ ಸಿಗೋದು ಕೋಚ್ ಮಾತ್ರ.

ಇದರ ಪೂರ್ತಿ ಅರ್ಥ ನನಗಾಗಿದ್ದು 2025ರ ಆಗಸ್ಟ್ 4ರಂದು. ಜುಲೈನಲ್ಲಿ ಐಎಸ್‌ಎಲ್ ನಡೆಸುವ ಸಂಸ್ಥೆ ಲೀಗನ್ನು ತಡೆಹಿಡಿದಿತ್ತು. ಎಐಎಫ್ಎಫ್ ಜೊತೆ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತಿತ್ತು, ಮುಂದೇನು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಅವತ್ತು ಬಿಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ ತಂಡ! ಛೆಟ್ರಿಯಂಥವರು ಹೇಗೋ ಬದುಕ್ತಾರೆ. ಬಟ್ಟೆ ಒಗೆಯುವವರು, ಫಿಸಿಯೋಗಳು, ಈಗಷ್ಟೇ ಮೊದಲ ಒಪ್ಪಂದ ಸಿಕ್ಕ 20 ವರ್ಷದ ಹುಡುಗರು?

ನಮ್ಮ ಹುಡುಗನಿಗೆ ಫೋನ್ ಮಾಡಿದೆ. ಅವನು ಆಗ ಮತ್ತೆ ಬೆಂಗಳೂರಲ್ಲಿದ್ದ. 'ಈಗ ಯಾರನ್ನ ತೆಗೀಬೇಕು ಕಣಪ್ಪ?' ಅಂದೆ, ಸ್ವಲ್ಪ ಕುಹಕದಲ್ಲೇ. ಅವನು ಒಂದು ಕ್ಷಣ ಸುಮ್ಮನಿದ್ದು, 'ಅಣ್ಣ, ಅದನ್ನ ಕೇಳೋಕೆ ಸ್ಟೇಡಿಯಂ ಒಳಗೆ ಮ್ಯಾಚ್ ಇರ್ಬೇಕಲ್ಲ' ಅಂದ.

ಆವಾಗಿಂದ ನಾನು 'ತೆಗೀರಿ' ಅನ್ನೋ ಮೊದಲು ಬೇರೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ದೀನಿ. ಈ ತಂಡವನ್ನ ಕಟ್ಟಿದ್ದು ಯಾರು? ಹೋದ ಆಟಗಾರರ ಜಾಗಕ್ಕೆ ಯಾರು ಬಂದರು? ಹೊಸ ಕೋಚ್‌ಗೆ ತಯಾರಿಯ ಸಮಯ ಇದೆಯಾ, ಅಥವಾ ಇದೇ ಆಟಗಾರರನ್ನ ಕೊಟ್ಟು ಶನಿವಾರಕ್ಕೆ ಗೆದ್ದು ಬಾ ಅಂತಾರಾ? ಸೋತಾಗ ಪತ್ರಿಕಾಗೋಷ್ಠಿಯಲ್ಲಿ ಕೂರೋದು ಯಾಕೆ ಯಾವಾಗಲೂ ಕೋಚ್ ಒಬ್ಬರೇ? ಋತುವಿಗೊಮ್ಮೆಯಾದರೂ ಮಾಲೀಕರು ಅಭಿಮಾನಿಗಳ ಮುಂದೆ ಕೂತು, ಇಷ್ಟು ದುಡ್ಡು ಇತ್ತು, ಹೀಗೆ ಖರ್ಚು ಮಾಡಿದ್ವಿ, ಇಲ್ಲಿ ತಪ್ಪಿದ್ವಿ ಅಂತ ಹೇಳೋಕೆ ಏನು ಅಡ್ಡಿ? ಟೀ ಅಂಗಡಿಯಲ್ಲಿ ಇದನ್ನ ಕೇಳಿದಾಗ ಉಳಿದಿಬ್ಬರು, 'ಪಂಚಾಯ್ತಿಯವ್ರೇ ಲೆಕ್ಕ ಕೊಡಲ್ಲ, ಜೆಎಸ್‌ಡಬ್ಲ್ಯು ಕೊಡುತ್ತಾ?' ಅಂತ ನಕ್ಕರು. ಪಂಚಾಯ್ತಿಯಲ್ಲಿ ಲೆಕ್ಕ ಕೇಳೋಕೆ ಗ್ರಾಮಸಭೆ ಅಂತ ಒಂದಾದರೂ ಇದೆ, ಅಲ್ಲಿಗಾದರೂ ನಾವು ಹೋಗ್ತೀವಾ ಅಂದೆ. ಆ ಜಗಳ ಇನ್ನೂ ಮುಗಿದಿಲ್ಲ.